ಕಿಟಕಿಗೊಂದು ಕೋಟು

ಅತ್ತೆ ತನ್ನ ಮಗಳ ಮನೆಗೆ ಹೊರಟರೆ ಸೊಸೆಗೆ ಹಬ್ಬ ಎಂದು ಲೋಕವೆಲ್ಲ ನಂಬಿಕೊಂಡಿದೆ. ನಂಬಿಕೊಳ್ಳಲಿ, ಬೇಡ ಅಂದವರು ಯಾರು? ಆದರೆ ಮೂರನೇ ಮಹಡಿಯ ಅಳತೆಯಮ್ಮನ ವಿಷಯದಲ್ಲಿ ಮಾತ್ರ ಲೋಕದ ಲೆಕ್ಕ ತಲೆಕೆಳಗಾಗಿತ್ತು. ಚಳಿ ಶುರುವಾದರೆ ಅತ್ತೆಯನ್ನು ನಾದಿನಿ ಕರೆದೊಯ್ಯುತ್ತಾಳೆ ಎಂದು ನೆನೆದರೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಳತೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಕೊರಳಲ್ಲಿ ಸದಾ ಅಳತೆಯ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಭುಜ ನೋಡುವ ಹೆಂಗಸು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಮಿಷನ್ನಿನ ಪಕ್ಕ ಮೋಡದ ಮೇಲೆ ಕೂತಂತೆ ಬಟ್ಟೆಯ ರಾಶಿಯ ನಡುವೆ ಕೂತು ಅತ್ತೆ ಕಾಜ ಹೊಲಿಯುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು, ಬಂದು ಹೋದ ಗಿರಾಕಿಗಳ ನಡಿಗೆಯನ್ನು ಅಣಕಿಸಿ ನಗಿಸುತ್ತಿದ್ದಳು. ಸೊಸೆಗೆ ಹೆತ್ತ ತಾಯಿಯ ಮುಖ ಸರಿಯಾಗಿ ನೆನಪಿಲ್ಲ. ತಪ್ಪು ಮಾಡಿದಾಗ ಬೈಯಲು, ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಅವಳಿಗಿದ್ದದ್ದು ಈ ಅತ್ತೆಯೊಬ್ಬಳೇ.

ನಾದಿನಿಯದೂ ತಪ್ಪೆನ್ನುವಂತಿರಲಿಲ್ಲ. ಹೋದ ಚಳಿಗಾಲದಲ್ಲಿ ಅತ್ತೆಗೆ ಎದೆ ಕಟ್ಟಿ, ಉಸಿರಿಗೆ ಒದ್ದಾಡಿ, ಆಸ್ಪತ್ರೆ ಸೇರಬೇಕಾಯಿತು. ಅಳತೆಯಮ್ಮನ ಮನೆಯೋ, ಕಿಟಕಿ ಬಾಗಿಲುಗಳೆಲ್ಲ ಹಳೆಯವು. ಮರ ಒಣಗಿ ಕುಗ್ಗಿ, ಮುಚ್ಚಿದರೂ ತೆರೆದರೂ ಒಂದೇ. ಇರುವ ಒಂದು ಪುಟ್ಟ ಹೀಟರು ಬೀದಿಯನ್ನು ಬೆಚ್ಚಗೆ ಮಾಡುತ್ತಿತ್ತೇ ಹೊರತು ಮನೆಯನ್ನಲ್ಲ.

"ನೋಡಿ ಅತ್ತಿಗೆ, ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ," ಎಂದಿದ್ದಳು ನಾದಿನಿ. "ಹಿಮ ಬಿದ್ದ ಮೊದಲ್ನೇ ಭಾನುವಾರ ಬರ್ತೀನಿ. ಸಂಜೆವರೆಗೂ ಕೂತು ನೋಡ್ತೀನಿ. ಮನೆ ಬೆಚ್ಚಗಿದ್ರೆ ಸರಿ. ಇಲ್ಲಾಂದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಆಮೇಲೆ ಪ್ರತಿ ವರ್ಷಾನೂ ಹೀಗೆ ಜಗಳ ಆಡೋಕೆ ನನ್ನ ಕೈಲಾಗಲ್ಲ, ಅಮ್ಮ ಅಲ್ಲೇ ಇದ್ದುಬಿಡ್ತಾರೆ."

ಅವಳು ಹೋದ ಮೇಲೆ ಅತ್ತೆ ಸೂಜಿಗೆ ದಾರ ಪೋಣಿಸುತ್ತಾ ಗೊಣಗಿದಳು: "ಅವಳ ಮನೇಲಿ ಬಿಸಿ ಏನೋ ಇದೆ, ಕೆಲ್ಸ ಇಲ್ಲ. ಸೂಜಿ ಮುಟ್ಟಿದ್ರೆ ಕಿತ್ಕೋತಾಳೆ. ಗಾಜಿನ ಕಪಾಟಲ್ಲಿ ಗೊಂಬೆ ಇಟ್ಟಂಗೆ ಇಡ್ತಾಳೆ ನನ್ನ. ನಾನು ಹೋಗಲ್ಲ ಕಣೇ. ಏನಾದ್ರೂ ಮಾಡು."

ಏನಾದರೂ ಮಾಡು ಎಂದರೆ ದುಡ್ಡಿಲ್ಲದೆ ಮಾಡು ಎಂದೇ ಅರ್ಥ. ಹೊಸ ಕಿಟಕಿಯ ಮಾತು ಎತ್ತುವಂತೆಯೇ ಇರಲಿಲ್ಲ. ಗಂಡ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರ. ಮಾತು ಕಡಿಮೆ, ತೂಕ ಜಾಸ್ತಿ. ಅವನೇ ದಾರಿ ತೋರಿಸಿದ.

"ಇಡೀ ಮನೆ ಬೆಚ್ಚಗೆ ಮಾಡೋಕೆ ನಾವೇನು ಅರಮನೆಯವರಾ? ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ನಡುಕೋಣೆ ಒಂದನ್ನ ಗೆಲ್ಲೋಣ, ಎಲ್ರೂ ಅಲ್ಲೇ ಇರೋಣ."

ಶುರುವಾಯಿತು ದಂಡಯಾತ್ರೆ. ಅವನು ದಿನಾ ಸಂಜೆ ಕಾರ್ಖಾನೆಯಲ್ಲಿ ಬೇಡವೆಂದು ಎಸೆದ ಹರಿದ ರಟ್ಟುಗಳನ್ನು ಬಗಲಲ್ಲಿಟ್ಟುಕೊಂಡು ಬರುತ್ತಿದ್ದ. ಅವನ್ನು ನೆಲಕ್ಕೆ ಎರಡು ಪದರ ಹಾಸಿ, ಮೇಲೆ ಹಳೆಯ ಜಮಖಾನ ಎಳೆದರು. ಅತ್ತೆಯ ಮಂಚವನ್ನು ಹೊರಗೋಡೆಯಿಂದ ಎಬ್ಬಿಸಿ ಒಳಗೋಡೆಗೆ ತಂದರು. ಆ ಗೋಡೆಯ ಆಚೆ ಪಕ್ಕದ ಮನೆಯವರ ಒಲೆ ಇತ್ತು, ಅವರು ಅಡುಗೆ ಮಾಡಿದಾಗಲೆಲ್ಲ ಇವರಿಗೆ ಪುಕ್ಕಟೆ ಶಾಖ. ಕಿಟಕಿಯ ಸಂದುಗಳಿಗೆ ಅತ್ತೆ ಮೈದಾ ಅಂಟಿನಲ್ಲಿ ನೆನೆಸಿದ ಹಳೆಯ ಪೇಪರನ್ನು ಬೆರಳಿನಿಂದ ತುರುಕಿದಳು. ಬಾಗಿಲ ಬುಡಕ್ಕೆಂದು ಸೊಸೆ ಪ್ಯಾಂಟಿನ ಕಾಲೊಂದನ್ನು ಹೊಲಿದು, ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನೆಲ್ಲ ತುಂಬಿ, ದಪ್ಪ ಹಾವಿನಂಥದ್ದೊಂದನ್ನು ಮಾಡಿದಳು. ಮೊದಲ ದಿನ ಅದನ್ನು ತುಳಿದು ಗಂಡ ಕಿರುಚಿಕೊಂಡ.

ಕೆಳಗಿನ ಅಂಗಡಿಯವನು ನಕ್ಕ. "ಇನ್ನೂ ಬಿಸ್ಲು ಹೊಡೀತಿದೆ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದ್ದೀಯಲ್ಲಮ್ಮಾ."

"ಹುಟ್ಟಿದ ಮೇಲೆ ಹೊಲಿಯೋಕೆ ಕೂತ್ರೆ ಕೂಸಿಗೆ ನೆಗಡಿ ಆಗಿರುತ್ತೆ ಕಣಣ್ಣಾ," ಎಂದು ಅಳತೆಯಮ್ಮ ಮೆಟ್ಟಿಲು ಹತ್ತಿದಳು.

ಉಳಿದದ್ದು ಕಿಟಕಿಯ ಪರದೆ. ಇದು ತನ್ನ ಸ್ವಂತ ವಿದ್ಯೆ, ಇಲ್ಲಿ ಯಾರ ಮಾತೂ ಬೇಡ ಎಂದು ಅವಳಿಗೆ ಜಂಬ. ಹೊಲಿಸಲು ಕೊಟ್ಟು ವರ್ಷಗಟ್ಟಲೆ ತಿರುಗಿ ನೋಡದ ಗಿರಾಕಿಗಳ ಉಣ್ಣೆ ಬಟ್ಟೆಗಳನ್ನು ಬಿಚ್ಚಿ, ಜೋಡಿಸಿ, ಒಳಗೆ ಅಸ್ತರು ಕೊಟ್ಟು, ನೆರಿಗೆ ಹಿಡಿದು, ಅಂಚು ಮಡಿಚಿ ಹೊಲಿದಳು. ತೂಗುಹಾಕಿದಾಗ ಮೂವರೂ ನಿಂತು ನೋಡಿದರು. ಅಷ್ಟು ಚಂದದ ಪರದೆ ಆ ಬೀದಿಯಲ್ಲೇ ಇರಲಿಲ್ಲ.

ಆ ವಾರವೇ ಗಾಳಿ ಎದ್ದಿತು. ಹಿಮದ ಮುನ್ಸೂಚನೆಯಾಗಿ ಬರುವ ಬಡಗಣ ಗಾಳಿ. ಸಂದಿನ ಪೇಪರು ಅದರ ರಭಸ ತಡೆಯಲಿಲ್ಲ. ಪರದೆ ಒಮ್ಮೆ ಉಸಿರೆಳೆದುಕೊಂಡಿತು, ಆಮೇಲೆ ತುಂಬು ಬಸುರಿಯ ಹೊಟ್ಟೆಯಂತೆ ಉಬ್ಬಿ ನಿಂತಿತು. ಕೆಳಗಿನಿಂದ ಹೊರಟ ಚಳಿ ಕೋಣೆಯುದ್ದಕ್ಕೂ ಹರಿದು ಅತ್ತೆಯ ಕಾಲು ಮುಟ್ಟಿತು. ಅತ್ತೆ ಕೆಮ್ಮತೊಡಗಿದಳು.

ಇಷ್ಟೆಲ್ಲ ಮಾಡಿದ್ದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತಲ್ಲ ಎಂದು ಅಳತೆಯಮ್ಮ ನೆಲದ ಮೇಲೆ ಕುಸಿದು ಕೂತಳು. ಅತ್ತೆ ಕೆಮ್ಮು ನಿಲ್ಲಿಸಿ, ಮಂಚದಿಂದ ಇಳಿದು ಬಂದು, ಪರದೆಯ ಅಂಚು ಹಿಡಿದು ನೋಡಿದಳು. ನೋಡಿದವಳೇ ನಗತೊಡಗಿದಳು.

"ಅಲ್ವೇ, ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ಮಡಿಚಿದ್ದೀಯಲ್ಲ! ಈ ಕಿಟಕಿ ಎಲ್ಲಿಗೆ ನಡ್ಕೊಂಡು ಹೋಗುತ್ತೆ ಅಂತ? ಬಟ್ಟೆ ಕಾಲಿಗೆ ಸಿಕ್ಕಿ ಎಡವಿ ಬೀಳುತ್ತಾ?"

ಸೊಸೆ ತಲೆ ಎತ್ತಿದಳು.

"ಸುತ್ತ ಸಡಿಲ ಬೇರೆ ಬಿಟ್ಟಿದ್ದೀಯ. ಊಟ ಮಾಡಿ ದಪ್ಪ ಆಗುತ್ತೇನೇ ಇದು? ಕೈ ಎತ್ತುತ್ತಾ, ಬಗ್ಗುತ್ತಾ?"

ಹೌದಲ್ಲ! ಇಷ್ಟು ವರ್ಷ ಮನುಷ್ಯರಿಗೆ ಹೊಲಿದ ಕೈ, ಕಿಟಕಿಗೂ ಮನುಷ್ಯರಿಗೆ ಹೊಲಿದಂತೆಯೇ ಹೊಲಿದುಬಿಟ್ಟಿತ್ತು. ಉಸಿರಾಡಲು ಜಾಗ, ಓಡಾಡಲು ಜಾಗ, ಅಂಚು ನೆಲ ಗುಡಿಸದಂತೆ ಎತ್ತರ. ಚೆನ್ನಾಗಿ ಹೊಲಿದದ್ದೇ ತಪ್ಪಾಗಿತ್ತು. ಅವಳಿಗೂ ನಗು ತಡೆಯಲಾಗಲಿಲ್ಲ.

ಆದರೆ ನಗುವಿನಿಂದ ಪರದೆ ಉದ್ದವಾಗುವುದಿಲ್ಲವಲ್ಲ. ಮನೆಯಲ್ಲಿ ದಪ್ಪ ಬಟ್ಟೆಯ ಒಂದು ಚೂರೂ ಉಳಿದಿರಲಿಲ್ಲ. ಉಳಿದಿದ್ದದ್ದು ಅಂಗಡಿಯ ಮೂಲೆಯಲ್ಲಿ, ಗಿರಾಕಿಗಳು ಉಡುಪು ತೊಟ್ಟು ನೋಡುವ ಜಾಗಕ್ಕೆ ಇಳಿಬಿಟ್ಟಿದ್ದ ಕಡುಗೆಂಪು ಮಖಮಲ್ಲು ಮಾತ್ರ. ಅಂಗಡಿಗೆ ಅಂಗಡಿಯೆಂಬ ಕಳೆ ಬಂದದ್ದೇ ಅದರಿಂದ.

"ಗಿರಾಕಿಗಳು ಏನ್ಮಾಡ್ತಾರೆ?" ಎಂದ ಗಂಡ.

"ಅಡುಗೆಮನೆಗೆ ಹೋಗಿ ಬದಲಾಯಿಸ್ಕೊಳ್ಳಲಿ. ನೀವು ಆವಾಗ ನೀರು ಕುಡಿಯೋಕೆ ಅಂತ ಹೋಗ್ಬೇಡಿ ಅಷ್ಟೇ," ಎಂದು ಅವಳು ಕತ್ತರಿ ಎತ್ತಿಕೊಂಡಳು.

ಅತ್ತೆ ಸೊಸೆ ಇಬ್ಬರೂ ಸೇರಿ ನೆರಿಗೆ ಬಿಚ್ಚಿದರು, ಸಡಿಲ ಕಿತ್ತರು, ಕೆಳಗೆ ಮಖಮಲ್ಲು ಜೋಡಿಸಿ ನೆಲದ ಮೇಲೆ ಒಂದು ಮೊಳ ಹರಡುವಂತೆ ಬಿಟ್ಟರು. ಗಂಡ ಮರದ ಪಟ್ಟಿ ಇಟ್ಟು ಮೂರು ಕಡೆಯೂ ಚೌಕಟ್ಟಿಗೆ ಮೊಳೆ ಹೊಡೆದ. ದರ್ಜಿಯ ಕಣ್ಣಿಗೆ ಅದು ಪರಮ ಕುರೂಪ. ಗಾಳಿ ಮತ್ತೆ ಬಂತು, ಹೊರಗೆ ಗಾಜನ್ನು ಬಡಿಯಿತು, ಸಿಳ್ಳೆ ಹಾಕಿತು. ಪರದೆ ಮಿಸುಕಲಿಲ್ಲ.

ಹಿಮ ಬಿತ್ತು. ಭಾನುವಾರ ನಾದಿನಿ ಬಂದಳು. ಉದ್ದನೆಯ ಕೋಟು, ಮಫ್ಲರು, ಕೈಗವಸು, ಜೊತೆಗೊಂದು ಖಾಲಿ ಸೂಟ್‌ಕೇಸು. ಅದನ್ನು ಬಾಗಿಲ ಬಳಿಯೇ ಇಟ್ಟಳು. ಒಂದು ಕೈಗವಸು ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು, ಗಾಳಿ ನುಸುಳುತ್ತದೆಯೇ ಎಂದು ಪರದೆಯ ಅಂಚು, ಬಾಗಿಲ ಬುಡ, ಮಂಚದ ಕೆಳಗೆ ಎಲ್ಲ ಹಿಡಿದು ನೋಡಿದಳು. ಪೊಲೀಸರ ತನಿಖೆಯೂ ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ. ಆಮೇಲೆ ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ಸೊಸೆ ಹೊಲಿಯುವಂತೆ ನಟಿಸುತ್ತಿದ್ದಳು. ಸೂಜಿಯಲ್ಲಿ ದಾರವೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಇನ್ನೊಂದು ಕೈಗವಸೂ ಕಳಚಿತು. ಆಮೇಲೆ ಮಫ್ಲರು. ನಾದಿನಿ ಹೀಟರಿನ ಕಡೆ ಅನುಮಾನದಿಂದ ನೋಡಿದಳು. "ಅತ್ತಿಗೆ, ನಾನು ಬರ್ತೀನಿ ಅಂತ ಬೆಳಗ್ಗೆಯಿಂದ ಇದನ್ನ ಉರಿಸಿದ್ದೀರಾ?"

"ಮುಟ್ಟಿ ನೋಡು," ಎಂದಳು ಅತ್ತೆ, ಕಾಜದಿಂದ ಕಣ್ಣು ಎತ್ತದೆ.

ಮುಟ್ಟಿದಳು. ತಣ್ಣಗಿತ್ತು. ಮುಂಜಾನೆ ಸ್ವಲ್ಪ ಹೊತ್ತು ಹಾಕಿ ಆರಿಸಿದ್ದರು. ನಾದಿನಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ತಾಯಿಯ ಮಂಚದ ತುದಿಗೆ ಬಂದು ಕೂತಳು. ಗೋಡೆಗೆ ಒರಗಿದಳು. ಆಚೆ ಮನೆಯಲ್ಲಿ ಏನೋ ಬೇಯುತ್ತಿತ್ತು. ನೋಡನೋಡುತ್ತಿದ್ದಂತೆ ಅವಳ ತಲೆ ತಾಯಿಯ ತೊಡೆಯ ಮೇಲೆ ಬಿತ್ತು. ಬಾಯಿ ತೆರೆದುಕೊಂಡಿತು. ಗೊರಕೆ ಶುರುವಾಯಿತು.

ಎದ್ದಾಗ ಸಂಜೆಯಾಗಿತ್ತು. ಕೂದಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು: "ನಮ್ಮನೇಲಿ ಎಲ್ಲ ಕೋಣೇಗೂ ಬಿಸಿ ಇದೆ ಅತ್ತಿಗೆ. ಆದ್ರೂ ಹೀಗೆ ನಿದ್ದೆ ಬರಲ್ಲ ನಂಗೆ." ಆಮೇಲೆ, "ಅಮ್ಮ ಇಲ್ಲೇ ಇರ್ಲಿ. ಇನ್ನು ಯಾವತ್ತೂ ಈ ಮಾತು ಎತ್ತಲ್ಲ," ಎಂದಳು.

ಅಳತೆಯಮ್ಮ ಗೆದ್ದಿದ್ದಳು. ಗಾಳಿಯನ್ನು, ಹಿಮವನ್ನು, ಆಸ್ಪತ್ರೆಯ ನೆನಪನ್ನು, ಎಲ್ಲವನ್ನೂ ಚಿಂದಿಯಿಂದ ಗೆದ್ದಿದ್ದಳು. ಜಂಬದಿಂದ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಮಾತಿನ ಬದಲು ಕಣ್ಣಿನಿಂದ ನೀರು ದಳದಳ ಇಳಿಯಿತು.

"ಏ ಹುಡುಗೀ, ಆಚೆ ಹೋಗಿ ಅಳು," ಎಂದು ಅತ್ತೆ ಗದರಿದಳು, ಅವಳ ತಲೆಯನ್ನು ಎದೆಗೆ ಒತ್ತಿಕೊಳ್ಳುತ್ತಾ. "ಕಷ್ಟಪಟ್ಟು ಬೆಚ್ಚಗೆ ಮಾಡಿದ ಕೋಣೆ, ತೇವ ಆಗಿಬಿಡುತ್ತೆ."