ಬಲಗಡೆಯ ತಾಳ

ಮತ್ತೆ ಬಲಗಡೆಯದೇ, ಮತ್ತೆ ಅದೇ, ಎಡಗಡೆಯಲ್ಲಿ ಕಾಶೆಪ್ಪನ ಹಾರ್ಮೋನಿಯಂ ಎದೆ ಬಿಚ್ಚಿ ಹಾಡುತ್ತಿದೆ, ತಿದಿ ಎಳೆಯುವ ಉಸಿರು ಕೂಡ ಕೇಳುತ್ತಿದೆ, ಬಲಗಡೆಯಲ್ಲಿ ರೇವಣಸಿದ್ಧನ ತಾಳ ಮಾತ್ರ ಕಂಬಳಿ ಹೊದ್ದು ಮಲಗಿದ ಹಾಗೆ, ಎಲ್ಲೋ ದೂರ, ಯಾರದೋ ಹೊಲದಲ್ಲಿ — ಗುರುದೇವ ತಲೆಯ ಮೇಲಿನ ಹೆಡ್‌ಫೋನನ್ನು ಎರಡೂ ಕೈಯಿಂದ ಅಮುಕಿದ, ಸಡಿಲ ಮಾಡಿದ, ಮತ್ತೆ ಅಮುಕಿದ, ಇಲ್ಲ, ಉದಗೀರದ ಈ ಅಂಗಡಿಯೂ ಕಳ್ಳರದೇ, ಉಮರ್ಗಾದವನೂ ಕಳ್ಳ, ನಿಲಂಗಾದವನಂತೂ ಕಳ್ಳರ ಗುರು, ಮೂರು ಊರು ತಿರುಗಿದರೂ ಬಲಗಡೆ ನೆಟ್ಟಗಿರುವ ಒಂದು ಮಾಲು ಇಲ್ಲವೆಂದರೆ ಏನರ್ಥ, ಒಳ್ಳೆಯದನ್ನೆಲ್ಲ ಪುಣೆ-ಮುಂಬಯಿಯವರು ಆರಿಸಿಕೊಂಡು ಕೆಟ್ಟದ್ದನ್ನು ನಮ್ಮ ಕಡೆ ತಳ್ಳುತ್ತಾರೆ ಎಂದೇ ಅರ್ಥ. ಗುಂಜೋಟಿಯ ಭಜನೆಯನ್ನು ಅವನೇ ರೆಕಾರ್ಡ್ ಮಾಡಿದ್ದು, ಒಂದು ಮೈಕು ಕಾಶೆಪ್ಪನ ಮುಂದೆ, ಇನ್ನೊಂದು ರೇವಣಸಿದ್ಧನ ತಾಳದ ಮುಂದೆ, ಹಾರ್ಮೋನಿಯಂ ಎಡಕ್ಕೆ, ತಾಳ ಬಲಕ್ಕೆ, ಸೂಜಿಯಷ್ಟೂ ತಪ್ಪಿಲ್ಲ, ಮೊಬೈಲಿನಲ್ಲಿ ಅದನ್ನೇ ಹಾಕಿ ನೋಡುತ್ತಾನೆ, ತಾಳ ಜೀವಂತ ಕೇಳಿದ ಹೆಡ್‌ಫೋನೇ ತನ್ನದು. ನಿಲಂಗಾದಲ್ಲಿ ಆ ಬೊಜ್ಜಿನವನು ಏನೆಂದ, ಬಾಸ್ ಭಾರೀ ಅದ ಸ್ವಾಮಿ, ನಿಮಗ ಡೀಜೆ ಮಂದಿಗಿ ಮತ್ತೇನ್ ಬೇಕು — ಮತ್ತೇನು ಬೇಕು ಎಂದರೆ, ಮತ್ತೆಲ್ಲವೂ ಬೇಕು, ಸೊಂಟ ಕುಣಿಸುವ ಧಡಧಡ ಬಿಟ್ಟು ಜಗತ್ತಿನಲ್ಲಿ ದನಿಯೇ ಇಲ್ಲವೇನು, ತಾಳದ ಅಂಚಿಗೆ ಅಂಚು ತಾಗಿ ಹೊರಡುವ ಆ ಸಣ್ಣ ಮಿಂಚು ಬೇಕು, ಅಂದರೆ ಬಲಗಡೆ ಸತ್ತಿದೆ ಎಂದು ಅವನ ಮುಖಕ್ಕೇ ಅಂದ, ದನಿ ಏರಿತು, ಕೂಡಿದ ಮಂದಿಯೆದುರು ಡಬ್ಬಿ ಕುಕ್ಕಿ ಇಳಿದು ಬಂದ, ಬರುವಾಗ ಬೆನ್ನ ಹಿಂದೆ ಯಾರೋ ನಕ್ಕರು, ಕೆನ್ನೆ ಉರಿಯಿತು, ಬಲಗೆನ್ನೆ, ಅಲ್ಲಿ ಮೂರು ಬಿಳಿ ಗೆರೆ — ಬೇಡ, ಅದು ಈಗ ಬೇಡ.

ಬರುವ ಭಾನುವಾರ ವಲಾಂಡಿಯಲ್ಲಿ ಮದುವೆ, ಧನರಾಜನ ಮಂಟಪ, ಧನರಾಜನ ಸೌಂಡು, ಎರಡು ವರ್ಷ ಅವನ ಕೈಕೆಳಗೆ ಆನೆಯಂಥ ಪೆಟ್ಟಿಗೆಗಳನ್ನು ಟೆಂಪೋಕ್ಕೆ ಹೇರಿ ಇಳಿಸಿ ಹೆಗಲು ಗಂಟುಗಟ್ಟಿದ ಮೇಲೆ ಧನರಾಜ ಮೊನ್ನೆ ಬಾಯಿಬಿಟ್ಟ, ಮಿಕ್ಸರ್ ಮುಂದ ಕೂಡ್ತೀಯೇನೋ ಗುರ್ಯಾ, ಆದ್ರ ಹೆಡ್‌ಫೋನ್ ನಿಂದು ನೀ ತರಬೇಕು, ಮಂದಿ ಬೆವರು ನಾ ತಲಿಮ್ಯಾಗ ಇಟ್ಕೊಳ್ಳಂಗಿಲ್ಲ, ಎರಡೂ ಕಡಿ ಸಮ ಮಾಡಿ ತೋರ್ಸು, ಮಾಡಿದ್ರ ಕುರ್ಚಿ ನಿಂದು, ಇಲ್ಲಾಂದ್ರ ಪೆಟಿಗಿ ನಿಂದು. ಕುರ್ಚಿ! ಮಿಕ್ಸರಿನ ಮುಂದಿನ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಕೂತವನನ್ನು ಯಾರೂ ಏ ಅನ್ನುವುದಿಲ್ಲ. ಅದಕ್ಕೇ ಈ ಅಲೆದಾಟ, ನಾಲ್ಕು ಸಾವಿರದೊಳಗೆ ಒಳ್ಳೆಯದು, ಬಣ್ಣದ ದೀಪದ ಮುಂದೆ ಕೂತು ವಿಡಿಯೋ ಮಾಡುವ ಪಟ್ಟಣದ ಹುಡುಗರು ಹೇಳುತ್ತಾರಲ್ಲ ನಡುದರ್ಜೆ ನಡುದರ್ಜೆ ಎಂದು, ಅವರ ಬಾಯಿಗೆ ಬೆಲ್ಲ, ಈ ನಡುವಿನವನ ಗತಿ ಅಂಗಡಿಗೆ ಬಂದು ನೋಡಲಿ, ಇಪ್ಪತ್ತು ಸಾವಿರದ ಗಿರಾಕಿಗೆ ಕುರ್ಚಿ ಚಹಾ, ಇನ್ನೂರರವನಿಗೆ ಬಾಗಿಲ ಹೊರಗಿನ ಬುಟ್ಟಿ, ನಡುವಿನವನಿಗೆ ನಿಂತೇ ಉಪದೇಶ, ಹಾಕಿ ನೋಡಬೇಡಿ ಸೀಲು ಒಡೆಯುತ್ತದೆ, ಡಬ್ಬಿ ಓದಿ ತಗೊಳ್ಳಿ, ಕಿವಿಗೆ ಹಾಕುವ ವಸ್ತುವನ್ನು ಕಣ್ಣಿನಿಂದ ಕೊಳ್ಳಬೇಕಂತೆ, ಜೋಡು ಕೊಳ್ಳುವಾಗ ಕಾಲು ಹೊರಗೆ ಬಿಟ್ಟು ಬಾ ಅಂದ ಹಾಗೆ. ಮೆತ್ತನೆಯ ದಿಂಬು ಕಿವಿಯನ್ನು ಪೂರಾ ಮುಚ್ಚಬೇಕು, ತಂತಿ ಇರಬೇಕು, ತಂತಿಯಿಲ್ಲದ್ದರಲ್ಲಿ ದನಿ ಒಂದು ಕ್ಷಣ ತಡವಾಗಿ ಬರುತ್ತದೆ, ಇದೆಲ್ಲ ಅವನಿಗೆ ಗೊತ್ತು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಗೊತ್ತಿರಬಾರದೆಂದು ಕಾನೂನಿದೆಯೇ.

ಮತ್ತು ಈ ಬಲಗಡೆಯ ಮೋಸ ಇವತ್ತಿನದಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಪ್ರತಿಯೊಂದು ಇಯರ್‌ಫೋನಿನಲ್ಲೂ ಬಲಗಡೆಯದೇ ಮೊದಲು ಕೆಡುತ್ತಿತ್ತು, ಕೆಡುತ್ತಿತ್ತೇನು, ಕೆಟ್ಟೇ ಬರುತ್ತಿತ್ತು, ಅದನ್ನು ಬಿಟ್ಟು ಎಡಗಡೆಯದನ್ನಷ್ಟೇ ಸಿಕ್ಕಿಸಿಕೊಂಡು ಹುಡುಗತನ ಕಳೆದ, ಕಂಪನಿಗಳವರೆಲ್ಲ ಕೂಡಿ ಬಡವರ ಒಂದು ಕಿವಿಯನ್ನು ಕದ್ದಿದ್ದಾರೆ ಎಂದು ಗೆಳೆಯರಿಗೆ ಹೇಳಿದರೆ ಅವರು ನಕ್ಕರು, ಹೋಗಲೋ ಮಗ್ರೂರ ಸ್ವಾಮಿ ಅಂದರು. ಮಗ್ರೂರ, ಸೊಕ್ಕಿನವ, ಊರಿಟ್ಟ ಹೆಸರು ಅದು, ಕರೆದರೆ ತಿರುಗುವುದಿಲ್ಲವಂತೆ, ಓಣಿಯ ಗುರುಬಾಯಿ ಅಂದಳು, ಮಾಸ್ತರ ಅಂದರು, ಬೆಂಚಿನಿಂದ ಎಬ್ಬಿಸಿ ನಾ ವಿಚಾರ್ಲತ್ತೀನಿ ನೀ ಗ್ವಾಡಿ ನೋಡ್ಲತ್ತೀ ಎಂದು ಹೊರಗೆ ನಿಲ್ಲಿಸಿದರು, ಹೊರಗೆ ನಿಂತವನು ಹಾಗೇ ನಡೆದುಬಿಟ್ಟ, ಮತ್ತೆ ಒಳಗೆ ಹೋಗಲಿಲ್ಲ. ಹೆತ್ತವ್ವ ಪಾರ್ವತಿಬಾಯಿಯೂ ಒಲೆಯ ಮುಂದಿನಿಂದ ಕೂಗಿ ಕೂಗಿ ಕೊನೆಗೆ ಸೌಟು ಬಡಿದು ಅದೇ ಮಾತು ಅಂದಳು. ಹಾಗೆ ಅನ್ನದೆ ಇದ್ದವನು ಒಬ್ಬನೇ, ಅಪ್ಪ, ಪಂಚಯ್ಯ, ಅಯ್ಯನವರು, ಕಾಸಾರಶಿರಸಿಯ ನಾಲ್ಕು ಓಣಿಯ ಪೂಜೆ ಅವನದೇ, ಅವನು ಮಗನನ್ನು ಒಂದು ದಿನವೂ ಮಗ್ರೂರ ಅನ್ನಲಿಲ್ಲ, ಯಾಕೆ ಅನ್ನುತ್ತಾನೆ, ಮಗನ ಕಡೆ ಲಕ್ಷ್ಯವಿದ್ದರೆ ತಾನೇ, ಅವನ ಲಕ್ಷ್ಯವೆಲ್ಲ ತನ್ನ ಕಿವಿಯ ಮೇಲೆ, ಊರೂರನ್ನೇ ನೆಲಸಮ ಮಾಡಿದ ಆ ಭೂಕಂಪದ ಮೊದಲು ತಿಂಗಳುಗಟ್ಟಲೆ ನೆಲದ ಹೊಟ್ಟೆ ಗುರುಗುಟ್ಟಿದ್ದು ಮೊದಲು ತನಗೇ ಕೇಳಿತ್ತಂತೆ, ಹೇಳಿದರೆ ಮಂದಿ ನಕ್ಕರಂತೆ, ಈ ಕತೆಯನ್ನು ಪ್ರತಿ ಮನೆಯ ಪ್ರಸಾದದ ಜೊತೆ ಬಡಿಸುತ್ತಾನೆ. ಕಿವಿ ಅಂದರೆ ಅವನಿಗೆ ದೇವರ ಬಾಗಿಲು, ಎಂಟು ವರ್ಷದ ಗುರುದೇವನಿಗೆ ಅಯ್ಯಾಚಾರದ ದೀಕ್ಷೆ ಕೊಡಿಸಿದಾಗ ಮಠದ ಗುರುಗಳು ಶಾಲು ಮರೆಮಾಡಿ ಬಲಗಿವಿಯಲ್ಲಿ ಮಂತ್ರ ಉಸುರಿದ್ದರು, ಬಿಸಿ ಉಸಿರು, ಏಲಕ್ಕಿಯ ವಾಸನೆ, ಕಚಗುಳಿ, ಅವತ್ತಿನಿಂದ ಅಪ್ಪ ಹೇಳುತ್ತಿದ್ದ ಇದು ಮಂತ್ರದ ಕಿವಿ, ಇದರಾಗ ಕಸ ಹಾಕಬ್ಯಾಡ. ಹಾಕಿದ. ಹನ್ನೆರಡನೆಯ ವರ್ಷ, ವಲಾಂಡಿಯ ಗೌರಾಬಾಯಿಯ ಮನೆಯಲ್ಲಿ ಪಾದಪೂಜೆ, ಅಪ್ಪ ಮಂತ್ರ ಹೇಳುತ್ತಿದ್ದಾನೆ, ಪಕ್ಕದಲ್ಲಿ ಶಾಲು ಹೊದ್ದ ಹುಡುಗ ತುಟಿಯಾಡಿಸುತ್ತಿದ್ದಾನೆ, ಶಾಲಿನೊಳಗೆ ಬಲಗಿವಿಯಲ್ಲಿ ಇಯರ್‌ಫೋನು, ಅದರಲ್ಲಿ ಸಿನಿಮಾ ಹಾಡು, ಹಾಡಿನ ಲಯಕ್ಕೆ ತಲೆ ತೂಗಿಬಿಟ್ಟ, ಶಾಲು ಜಾರಿತು, ಗೌರಾಬಾಯಿ ಬಾಯಿಗೆ ಸೆರಗು ಹಚ್ಚಿದಳು, ಮಂತ್ರ ಕೊಟ್ಟ ಕಿವ್ಯಾಗ ಏನ್ ತುಂಬ್ಕೊಂಡೀಯೋ ಅಂದ ಅಪ್ಪ, ಆಗಷ್ಟೇ ವಿಭೂತಿ ಕಲಸಿದ ಅವನ ಕೈ, ಮೂರು ಬೆರಳು ಹಸಿ ಹಸಿ, ಇಯರ್‌ಫೋನಿನ ಮೇಲೇ ಬಿತ್ತು — ಕೆನ್ನೆಯಿಂದ ಕಿವಿಯ ತನಕ ಮೂರು ಬಿಳಿ ಗೆರೆ, ಬಸ್ಸಿನ ಗಾಜಿನಲ್ಲಿ ನೋಡಿಕೊಂಡ, ಒರೆಸಲಿಲ್ಲ, ಒರೆಸಬಾರದೆಂದು ಹಟ.

ದಾದಾ, ಏನ್ ಕೇಳ್ಸಂಗಿಲ್ಲ ಅಂತೀರಿ, ಕೊಡ್ರಿಲ್ಲಿ, ಎಂದು ಅಂಗಡಿಯ ಹುಡುಗಿ ಕೈ ಚಾಚಿದಳು, ವೈಷ್ಣವಿ ಎಂದು ಅಂಗಿಯ ಮೇಲೆ ಬಿಲ್ಲೆ, ತಾಯಿ ಭಾಲ್ಕಿ ಕಡೆಯವಳಿರಬೇಕು, ಮರಾಠಿಯಲ್ಲಿ ಶುರುಮಾಡಿ ಅವನ ಬೈಗುಳ ಕೇಳಿ ಕನ್ನಡಕ್ಕೆ ಇಳಿದವಳು, ಇವಳೊಬ್ಬಳೇ ಜಗಳವಿಲ್ಲದೆ ಸೀಲು ಒಡೆದು ಕೊಟ್ಟವಳು, ಅದನ್ನೂ ಮೆಚ್ಚಲು ಅವನನ್ನು ಸಿಟ್ಟು ಬಿಡುತ್ತಿಲ್ಲ. ಅವಳು ಹೆಡ್‌ಫೋನನ್ನು ಜಡೆಯ ಮೇಲೆ ಏರಿಸಿಕೊಂಡು ಕಣ್ಣು ಮುಚ್ಚಿದಳು, ಬಲಗೈಯ ಬೆರಳು ತಾನಾಗಿ ಗಾಜಿನ ಮೇಲೆ ಕುಣಿಯತೊಡಗಿತು, ಟಿಣ್ ಟಿಣ್, ತಾಳದ ಲೆಕ್ಕಕ್ಕೇ, ತಪ್ಪದೆ, ಅವಳಿಗೆ ಕೇಳುತ್ತಿದೆ, ಸುಳ್ಳು, ಮಾಲು ಮಾರಬೇಕಲ್ಲ, ನಾಟಕ. ತಾಳ ಭಾಳ ಛೊಲೊ ಬರ್ಲತ್ತದ, ಅಂದಳು, ಯಾರು ಬಾರ್ಸ್ಯಾರ ಇದು. ಅವನು ಹೆಡ್‌ಫೋನು ಕಸಿದುಕೊಂಡ. ಆಕೆ ತಪ್ಪು ಹುಡುಕುವ ದನಿಯಲ್ಲಲ್ಲ, ಚಾರ್ಜರಿನ ಬಗ್ಗೆ ಹೇಳುವಷ್ಟೇ ಸರಳವಾಗಿ ಅಂದಳು, ಒಮ್ಮೆ ಉಲ್ಟಾ ಹಾಕ್ಕೋರಿ ದಾದಾ, ಎಡಗಡೆಂದು ಬಲಕ್ಕ, ಗೊತ್ತಾಗ್ತದ. ಹಾಕುತ್ತೇನೆ, ಹಾಕಿ ಇವಳ ಮುಖಕ್ಕೇ ತೋರಿಸುತ್ತೇನೆ, ಹಾರ್ಮೋನಿಯಂ ಈಗ ಬಲಗಿವಿಯಲ್ಲಿ ಗಟ್ಟಿಯಾಗಿ ಹಾಡುತ್ತದೆ, ಕೆಟ್ಟ ಕಡೆ ಎಡಕ್ಕೆ ಬಂದು ಬಿದ್ದಿರುತ್ತದೆ, ಆಮೇಲೆ ಮಾಲಕನನ್ನೇ ಕರೆಸುತ್ತೇನೆ — ತಿರುವಿ ಏರಿಸಿದ, ಒತ್ತಿದ, ತಾಳ! ಎಡಗಿವಿಯಲ್ಲಿ ರೇವಣಸಿದ್ಧನ ತಾಳ, ಅಂಚಿಗೆ ಅಂಚು, ಮಿಂಚು, ಕಂಚಿನ ಸಣ್ಣ ನಡುಕ ಕೊನೆಯ ತನಕ, ಇಷ್ಟು ದಿನ ಎಲ್ಲಿದ್ದಿಯೋ, ಮತ್ತು ಬಲಗಡೆ ಕಾಶೆಪ್ಪನ ಹಾರ್ಮೋನಿಯಂ ಕಂಬಳಿ ಹೊದ್ದು ಮಲಗಿತು, ದೂರ, ಯಾರದೋ ಹೊಲದಲ್ಲಿ.

ಹಾಗಾದರೆ ಉಮರ್ಗಾದವನು ಕಳ್ಳನಲ್ಲ, ನಿಲಂಗಾದ ಬೊಜ್ಜಿನವನು ಕಳ್ಳನಲ್ಲ, ಕಂಪನಿಗಳು ಯಾರ ಕಿವಿಯನ್ನೂ ಕದ್ದಿಲ್ಲ, ಸತ್ತದ್ದು ಈ ಬಲಗಿವಿಯೇ, ಸಿಟ್ಟಿಗೆ ಇಷ್ಟು ವರ್ಷ ಕೊಟ್ಟ ವಿಳಾಸಗಳೆಲ್ಲ ತಪ್ಪು, ಒಂದೇ ಸರಿ, ಅದು ಮನೆಯದು — ಮತ್ತು ಅಪ್ಪ, ನಿಲ್ಲು, ಅಪ್ಪ ಎಲ್ಲಿ ಕೂಡುತ್ತಾನೆ, ಊಟಕ್ಕೆ ಯಾವಾಗಲೂ ತಾಟು ಎತ್ತಿಕೊಂಡು ಬಂದು ಎಡಗಡೆ, ಯಾಕ್ರೀ ಅಲ್ಲಿ ಎಂದು ಅವ್ವ ಕೇಳಿದರೆ ಇಲ್ಲಿ ಬೆಳಕ ಛಂದ ಅದ ಅನ್ನುತ್ತಿದ್ದ, ಬಸ್ಸಿನಲ್ಲಿ ನನಗ ಗಾಳಿ ಬೇಕು ಎಂದು ದಾಟಿಕೊಂಡು ಹೋಗಿ ಎಡಗಡೆ, ದಾರಿಯಲ್ಲಿ ನಡೆದರೆ ಎಡಗಡೆ, ಕರೆಯುವುದಿದ್ದರೆ ಸುತ್ತುಹಾಕಿ ಬಂದು ಎಡಭುಜ ಮುಟ್ಟಿ ಕರೆಯುತ್ತಿದ್ದ, ಕರೆದರೆ ತಿರುಗುವುದಿಲ್ಲವೆಂದು ಊರೆಲ್ಲ ಅಂದಾಗ ಸುಮ್ಮನೆ ನೆಲ ನೋಡುತ್ತಿದ್ದ, ಗೊತ್ತಿತ್ತು, ನೆಲದ ಹೊಟ್ಟೆಯ ದನಿ ಕೇಳಿದವನಿಗೆ ಮಗನ ಕಿವಿ ಸತ್ತದ್ದು ಮೊದಲ ದಿನವೇ ಕೇಳಿತ್ತು, ಗೊತ್ತಿದ್ದು ಮಾಸ್ತರನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ, ಡಾಕ್ಟರನ ಬಾಗಿಲು ತೋರಿಸಲಿಲ್ಲ, ನನಗೂ, ನನಗೂ ಹೇಳಲಿಲ್ಲ, ತಾನು ಜಾಗ ಬದಲಿಸಿ ಕೂತು ಪಾಪ ತೊಳೆದುಕೊಂಡ, ಎರಡೂ ಕಡೆ ಸಮ ಮಾಡಿ ತೋರಿಸು ಅನ್ನುತ್ತಾನೆ ಧನರಾಜ, ಪೆಟ್ಟಿಗೆ ನಿಂದು ಅನ್ನುತ್ತಾನೆ. ಪ್ಯಾಕ್ ಮಾಡ್ಲೇನ್ರೀ ದಾದಾ, ಎಂದು ವೈಷ್ಣವಿ ಮೆಲ್ಲಗೆ ಕೇಳುತ್ತಾಳೆ, ಅವಳ ತುಟಿಯಾಡಿದ್ದನ್ನು ನೋಡಿಯೇ ತಿಳಿಯುತ್ತಾನೆ, ಅಷ್ಟರಲ್ಲಿ ಮೊಬೈಲು ನಡುಗುತ್ತದೆ, ತಾಳ ನಿಂತುಹೋಗುತ್ತದೆ, ಪರದೆಯ ಮೇಲೆ ಅಪ್ಪ. ಹೆಡ್‌ಫೋನು ಕಳಚಿ ತಂತಿ ಕಿತ್ತು ಮೊಬೈಲನ್ನು ಎತ್ತುತ್ತಾನೆ, ಕೈ ರೂಢಿಯಂತೆ ಎಡಕ್ಕೆ ಹೋಗುತ್ತದೆ, ತಡೆಯುತ್ತಾನೆ, ಬಲಗಿವಿಗೆ ಒತ್ತುತ್ತಾನೆ, ಒತ್ತಿ ಹಿಡಿಯುತ್ತಾನೆ, ಬೆಂಕಿಪೊಟ್ಟಣದೊಳಗೆ ಸಿಕ್ಕ ಹುಳದ ಹಾಗೆ ಏನೋ ಪರಚುತ್ತಿದೆ, ಉಂಡಿಯಾ ಅನ್ನುತ್ತಿರಬಹುದು, ಎಲ್ಲಿದ್ದಿ ಅನ್ನುತ್ತಿರಬಹುದು, ಹೇಳು, ಇಲ್ಲಿ ಹೇಳು, ಈ ಕಡೆ ಬಂದು ಹೇಳು, ಪರಚುವುದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಎದುರಿಗೆ ಗಿರಾಕಿಗಳು ಮುಖ ನೋಡಿಕೊಳ್ಳಲು ಇಟ್ಟ ಕನ್ನಡಿ, ಅದರಲ್ಲಿ ಮೊಬೈಲು ಹಿಡಿದ ಕೈ, ಕೈಯ ಕೆಳಗೆ ಕೆನ್ನೆ, ಕೆನ್ನೆಯ ಮೇಲೆ ಏನೂ ಇಲ್ಲ, ಇದೆ, ಹಸಿಯಾಗಿಯೇ ಇದೆ, ಮೂರು ಬಿಳಿ ಗೆರೆ, ಕಿವಿಯ ತನಕ, ಮೂರು ಬಿಳಿ ಗೆರೆ