ಚೌಕಟ್ಟಿನಿಂದ ಹೊರಗಿದ್ದ ಅಪ್ಪ

ಹೊಸ ಚಿತ್ರಪ್ರದರ್ಶನದ ಮೊದಲ ಮೂರು ಪೋಸ್ಟರ್‌ಗಳನ್ನು ಸಂಗ್ರಹಾಲಯದ ಮುಖ್ಯಸ್ಥೆ ಮೇಡಂ ಒಂದೇ ಬೆಳಿಗ್ಗೆ ತಳ್ಳಿಹಾಕಿದರು. ಬೇಟೆಗಾರನೊಬ್ಬ ಜಿಂಕೆಯಾಗಿ, ತಾನೇ ಸಾಕಿದ ನಾಯಿಗಳ ಬಾಯಿಗೆ ಸಿಕ್ಕುವ ಚಿತ್ರ ಮೊದಲನೆಯದು. ಶಾಲೆ ಮಕ್ಕಳು ಬರುತ್ತಾರೆ, ಬೇಡ ಎಂದರು. ದೇವರ ಜೊತೆ ಸಂಗೀತದಲ್ಲಿ ಪಂದ್ಯ ಕಟ್ಟಿ ಸೋತವನ ಚರ್ಮ ಸುಲಿಯುವ ಚಿತ್ರ ಎರಡನೆಯದು. ಅದನ್ನು ಪೂರ್ತಿ ನೋಡಲೂ ಇಲ್ಲ. ಮರವಾಗುತ್ತಿರುವ ಹುಡುಗಿ ಹಿಡಿಸಿದಳು, ಆದರೆ ಅವಳು ಟಿಕೆಟ್ಟಿನ ಮೇಲೆ ಬರಲಿ ಎಂದರು. ಈ ಸಂಗ್ರಹಾಲಯಕ್ಕೆ ಪೋಸ್ಟರ್ ಮಾಡುತ್ತ ನನಗೆ ಇಪ್ಪತ್ತಾರು ವರ್ಷ ಕಳೆದಿದೆ. ಪುನರುಜ್ಜೀವನ ಕಾಲದ ಚಿತ್ರಕಾರರು ಪುರಾಣಗಳಿಂದ ಹೆಕ್ಕಿಕೊಂಡದ್ದರಲ್ಲಿ ಮುಕ್ಕಾಲು ಪಾಲು ಹೀಗೇ, ಯಾರನ್ನೋ ಯಾರೋ ಹರಿಯುವುದು, ಸುಲಿಯುವುದು, ಹೊತ್ತೊಯ್ಯುವುದು. ಅದರಲ್ಲಿ ಯಾರ ಮನಸ್ಸಿಗೂ ನೋವಾಗದ ಚಿತ್ರ ಹುಡುಕು ಎಂದರೆ ನಾನು ಎಲ್ಲಿಂದ ತರಲಿ?

"ಸ್ವಲ್ಪ ಉಸಿರಾಡೋ ಥರದ್ದು ಬೇಕು," ಎಂದರು ಮೇಡಂ. ಅವರ ಬಾಯಲ್ಲಿ ಎಲ್ಲವೂ ಉಸಿರಾಡಬೇಕು, ಅಕ್ಷರ, ಬಣ್ಣ, ಅಂಚು. ನಮ್ಮನ್ನು ಮಾತ್ರ ಉಸಿರಾಡಲು ಬಿಡುವುದಿಲ್ಲ.

ನಾಲ್ಕನೆಯದಾಗಿ ಸಿಕ್ಕಿದ್ದು ಬೀಳುತ್ತಿರುವ ಹುಡುಗ. ಅಪ್ಪ ಗರಿಗಳನ್ನು ಮೇಣದಿಂದ ಅಂಟಿಸಿ ರೆಕ್ಕೆ ಮಾಡುತ್ತಾನೆ, ಅಪ್ಪ ಮಗ ಇಬ್ಬರೂ ಹಾರುತ್ತಾರೆ, ಮಗ ಸೂರ್ಯನ ಹತ್ತಿರ ಹೋಗುತ್ತಾನೆ, ಮೇಣ ಕರಗುತ್ತದೆ. ಮುಕ್ಕಾಲು ಭಾಗ ನೀಲಿ ಆಕಾಶ. ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಹುಡುಗನ ಮೈ ಓರೆಯಾಗಿ ಚಾಚಿದೆ, ಕಾಲು ಮೇಲೆ, ಕೈ ಕೆಳಗೆ. ಅಷ್ಟು ಒಳ್ಳೆಯ ಓರೆಗೆರೆ ನನ್ನ ಕೆಲಸದಲ್ಲಿ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. ತೊಂದರೆ ಕೊಟ್ಟವನು ಅಪ್ಪ. ಬಲಗಡೆ ಮೇಲಿನ ಮೂಲೆಯಲ್ಲಿ, ಅಕ್ಷರ ಕೂರಬೇಕಾದ ಕಡೆಯೇ ಹಾರುತ್ತಿದ್ದ. ಕತ್ತರಿಸಿ ತೆಗೆದೆ. ಮೇಡಂ ಒಂದೇ ಸಲಕ್ಕೆ ಒಪ್ಪಿದರು. ಆರು ಮಹಡಿ ಎತ್ತರದ ಬ್ಯಾನರ್ ಮಾಡಿ ಮುಂಭಾಗದ ಗೋಡೆಗೆ ಇಳಿಬಿಡೋಣ ಎಂದರು.

ಹದಿನೇಳು ದಿನ ಆ ಹುಡುಗನ ಜೊತೆ ಕೂತಿದ್ದೆ. ಅವನ ಮೊಣಕಾಲಿನ ಬಣ್ಣ ಸರಿಮಾಡಿದೆ, ಹಿಮ್ಮಡಿಯ ಪಕ್ಕದ ಬಿರುಕು ಮುಚ್ಚಿದೆ. ಅವನು ಬೀಳುತ್ತಿದ್ದಾನೆ ಎಂದು ಒಂದು ದಿನವೂ ಅನಿಸಲಿಲ್ಲ. ನನ್ನ ಅಣ್ಣನ ಮಗ ಬಿದ್ದು ಸತ್ತು ಎಂಟು ತಿಂಗಳಾಗಿತ್ತು, ನನಗೆ ಮಾತ್ರ ಓರೆಗೆರೆ ಕಾಣುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಣ್ಣನ ಕೆಲಸ ಬ್ಯಾನರ್ ಕಟ್ಟುವುದು. ಎಷ್ಟೇ ಎತ್ತರದ ಗೋಡೆಯಿರಲಿ, ಹಗ್ಗದಲ್ಲಿ ಹಲಗೆ ಇಳಿಬಿಟ್ಟು, ಅದರ ಮೇಲೆ ಕೂತು, ಗೋಡೆಗೆ ತೂತು ಕೊರೆದು ಕೊಂಡಿ ಬಡಿಯುವುದು. ಬ್ಯಾನರಿನ ಅಂಚು ಮಡಿಸಿ ಹೊಲಿಯುವವಳು ಅತ್ತಿಗೆ, ಮನೆಯ ಮುಂದಿನ ಕೋಣೆಯಲ್ಲೇ ಅವಳ ಮೆಷಿನ್ನು. ಹಲಗೆಯ ಮೇಲೆ ಕೂರುತ್ತಿದ್ದವನು ಅವರ ಮಗ. ಇಪ್ಪತ್ತನಾಲ್ಕು ವರ್ಷ, ಆರಡಿ ಎರಡಂಗುಲ. ಅವನಿಗೆ ಏಣಿ ಎಂದು ಹೆಸರಿಟ್ಟವಳು ನಾನೇ. "ಏನತ್ತೆ, ಏಣಿ ಬೇಕಿತ್ತಾ?" ಎನ್ನುತ್ತ ನನ್ನ ಅಟ್ಟದ ಡಬ್ಬಗಳನ್ನು ನಿಂತಲ್ಲೇ ಇಳಿಸಿಕೊಡುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಖಾಲಿ ಕಚೇರಿ ಕಟ್ಟಡವೊಂದರ ಗೋಡೆಯಿಂದ ಬಿದ್ದ. ಅಪ್ಪ ಕೆಳಗೆ ವ್ಯಾನಿನಿಂದ ಬ್ಯಾನರ್ ಇಳಿಸುತ್ತಿದ್ದಾಗ ಮಗ ಹೇಳದೆ ಕೇಳದೆ, ತೊಡೆಗೂ ಸೊಂಟಕ್ಕೂ ಬಿಗಿದು ಹಗ್ಗಕ್ಕೆ ಕೊಕ್ಕೆ ಸಿಕ್ಕಿಸುವ ಬೆಲ್ಟ್ ಹಾಕಿಕೊಳ್ಳದೆ ತಾರಸಿಯಿಂದ ಇಳಿದುಬಿಟ್ಟ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅತ್ತಿಗೆ ಅಳಲಿಲ್ಲ. ಪ್ರತಿದಿನ ಬಾಗಿಲಲ್ಲಿ ನಿಂತು "ಬೆಲ್ಟ್ ಹಾಕ್ಕೋ" ಎಂದು ಹೇಳಿ ಕಳಿಸಿದವಳು ಅವಳು. ಗೋಡೆಯ ಮೇಲಿನ ಅವನ ಫೋಟೋದ ಮುಂದೆ ನಿಂತು ಬೈಯುತ್ತಿದ್ದಳು. "ಅಷ್ಟು ಹೇಳಿದ್ದೆನಲ್ಲೋ. ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ? ಎಷ್ಟು ಸೊಕ್ಕು." ನಾನು ಸಮಾಧಾನ ಹೇಳಲು ಹೋದರೆ ನನಗೂ ಬೈಗುಳ. ಮಗ ಹೋದ ಸಂಕಟಕ್ಕಿಂತ ಅವನು ತನ್ನ ಮಾತು ಮೀರಿ ಹೋದ ಎಂಬುದೇ ಅವಳನ್ನು ತಿನ್ನುತ್ತಿತ್ತು. ಎಂಟು ತಿಂಗಳಾದರೂ ಅವಳು ಅವನನ್ನು ಕ್ಷಮಿಸಿರಲಿಲ್ಲ.

ಸಂಗ್ರಹಾಲಯದ ಬ್ಯಾನರ್‌ಗಳನ್ನು ಮೊದಲಿನಿಂದಲೂ ಕಟ್ಟುವವನು ಅಣ್ಣನೇ. ಈಗ ಹಲಗೆಯ ಮೇಲೆ ಕೂರಲು ಇಬ್ಬರು ಆಳುಗಳಿದ್ದಾರೆ, ಅವನು ಕೆಳಗೆ ನಿಲ್ಲುತ್ತಾನೆ. ಬ್ಯಾನರಿನ ಅಳತೆ ಒಪ್ಪಿಸಿಕೊಳ್ಳಲು ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದ. ಮೇಜಿನ ಮೇಲೆ ಮಾದರಿ ಪ್ರತಿ ಹರಡಿತ್ತು. ಅದು ಅವನ ಕಣ್ಣಿಗೆ ಏನಾಗಿ ಕಾಣಬಹುದು ಎಂದು ನನಗೆ ಹೊಳೆದದ್ದು ಅವನು ಒಳಗೆ ಕಾಲಿಟ್ಟ ಮೇಲೆ. ಮುಚ್ಚಲು ಹೊತ್ತು ಮೀರಿತ್ತು.

ಅಣ್ಣ ಚಿತ್ರದ ನಡುವೆ ನೋಡಲಿಲ್ಲ. ಅವನ ಕಣ್ಣು ಯಾವಾಗಲೂ ಮೊದಲು ಹೋಗುವುದು ಅಂಚಿಗೆ, ಸುತ್ತಲೂ ನಾಲ್ಕಂಗುಲ ಮಡಿಕೆಗೆ ಹೋಗುತ್ತದಲ್ಲ. ಟೇಪು ಹಿಡಿದು ಬಲಗಡೆ ಮೇಲಿನ ಮೂಲೆಗೆ ಬಂದು ನಿಂತ.

"ಇಲ್ಲೇನೋ ಬೆಳ್ಳಗಿದೆ. ಅರ್ಧ ಮಡಿಕೆಗೆ ಹೋಗತ್ತೆ, ಅರ್ಧ ಈಚೆ ಉಳಿಯತ್ತೆ. ಕೊಳೆ ಅನ್ಕೋತಾರೆ ಜನ."

"ಅದು ರೆಕ್ಕೆ ತುದಿ. ಅಳಿಸಿಬಿಡ್ತೀನಿ."

"ಯಾರ ರೆಕ್ಕೆ?"

"ಅಲ್ಲೊಬ್ಬ ಇದ್ದ. ಅಕ್ಷರಕ್ಕೆ ಜಾಗ ಬೇಕಿತ್ತು, ತೆಗೆದೆ."

"ಪೂರ್ತಿ ಚಿತ್ರ ತೋರಿಸು ಪುಟ್ಟಿ."

ಐವತ್ತೆರಡು ವರ್ಷದ ನನ್ನನ್ನು ಪುಟ್ಟಿ ಎನ್ನುವವನು ಅವನೊಬ್ಬನೇ. ಕಂಪ್ಯೂಟರಿನಲ್ಲಿ ಮೂಲ ಚಿತ್ರ ತೆಗೆದೆ. ಅಪ್ಪ ಮೂಲೆಯಲ್ಲಿ ಗಟ್ಟಿ ರೆಕ್ಕೆಗಳ ಮೇಲೆ ಆರಾಮಾಗಿ ತೇಲುತ್ತಿದ್ದಾನೆ, ಕುತ್ತಿಗೆ ಮಾತ್ರ ಹಿಂದಕ್ಕೆ ಹೊರಳಿದೆ. ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಕಥೆ ಏನೆಂದು ಕೇಳಿದ. ನಾನು ಆದಷ್ಟು ಮೆತ್ತಗೆ ಹೇಳಿದೆ. ಮೇಲೆ ಹೋಗಬೇಡ ಎಂದು ಅಪ್ಪ ಹೇಳಿದ್ದ, ಮಗ ಕೇಳಲಿಲ್ಲ ಎನ್ನುವಲ್ಲಿಗೆ ಬಂದಾಗ ನಾಲಿಗೆ ತಡವರಿಸಿತು.

"ಅದನ್ನ ಯಾರು ಹೇಳಿದ್ರು?" ಎಂದ ಅಣ್ಣ.

"ಯಾವುದನ್ನ?"

"ಮಗ ಮಾತು ಕೇಳಲಿಲ್ಲ ಅಂತ. ಮೇಲೆ ಇದ್ದಿದ್ದೇ ಇಬ್ಬರು. ಒಬ್ಬ ಸತ್ತ. ಇನ್ಯಾರು ಹೇಳಿರ್ತಾರೆ? ಉಳಿದವನೇ ಹೇಳಿರ್ಬೇಕು."

ಪುರಾಣ ಅಣ್ಣ ಅದು, ಹಾಗೆಲ್ಲ ಕೇಳಬಾರದು ಎನ್ನಲು ಬಾಯಿ ತೆರೆದೆ. ಅವನು ಚಿತ್ರ ನೋಡುತ್ತಲೇ ಮಾತು ಮುಂದುವರಿಸಿದ, ಗೋಡೆಯ ಅಳತೆ ಹೇಳುವ ದನಿಯಲ್ಲೇ.

"ನಾನು ಕೆಳಗಿರ್ಲಿಲ್ಲ. ತಾರಸಿ ಮೇಲಿದ್ದೆ, ಹಗ್ಗದ ಹತ್ರ. ಅವನು ಬೆಲ್ಟ್ ಹಾಕ್ಕೊಂಡಿದ್ದ. ಕೊಕ್ಕೆಯ ಸ್ಪ್ರಿಂಗ್ ಹೋಗಿತ್ತು, ನಾನೇ ತಂತಿ ಸುತ್ತಿ ಕೊಟ್ಟಿದ್ದೆ. ಹೊಸದು ತರೋಣ, ಇದೊಂದು ಗೋಡೆ ಮುಗೀಲಿ ಅಂದಿದ್ದೆ. ಅಪ್ಪಾ, ಕೊಕ್ಕೆ ಯಾಕೋ ಜಾರ್ತಿದೆ ಅಂದ. ಇನ್ನೆರಡು ತೂತು ಕಣೋ, ಮುಗಿಸಿಬಿಡು ಅಂದೆ. ಒಂದು ಕೊರೆದ. ಎರಡನೇದಕ್ಕೆ ಹಲಗೆ ವಾಲ್ತು, ಬೆಲ್ಟು ಒಂದು ಕ್ಷಣ ಹಿಡೀತು, ಆಮೇಲೆ ಕೊಕ್ಕೆ ಬಾಯಿ ಬಿಡ್ತು."

"ಬೆಲ್ಟ್ ಇರ್ಲಿಲ್ಲ ಅಂತ ಬರೆದಿದ್ರಲ್ಲ."

"ನಾನು ಇಳಿದು ಬಂದೆ. ಕಾವಲಿನವನು ಹಿಂದಿನ ಗೇಟಲ್ಲಿದ್ದ. ಬಿಚ್ಚಿಬಿಟ್ಟೆ."

ಮಗನ ಮೈಯಿಂದ ಬೆಲ್ಟ್ ಬಿಚ್ಚಿ ವ್ಯಾನಿನ ಸೀಟಿನ ಕೆಳಗೆ ತುರುಕಿ, ಆಮೇಲೆ ಕೂಗಿಕೊಂಡಿದ್ದ ನನ್ನ ಅಣ್ಣ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಎದ್ದೂ ಎದ್ದೆ. ಆದರೆ ಕೈ ಮೇಲೇಳಲಿಲ್ಲ, ಏಕೆಂದರೆ ನನ್ನ ಪಾಲೂ ಅದರಲ್ಲಿತ್ತು. ಆಸ್ಪತ್ರೆಯಲ್ಲಿ ಬಟ್ಟೆ ಸರಿಪಡಿಸುವಾಗ ಏಣಿಯ ಎರಡೂ ತೊಡೆಗಳ ಸುತ್ತ ನಾಲ್ಕು ಬೆರಳು ಅಗಲದ ನೀಲಿ ಪಟ್ಟಿಯನ್ನು ನಾನು ನೋಡಿದ್ದೆ. ಅಳತೆ ಮಾಡಿ ಎಳೆದಷ್ಟು ನೇರ. ಬೆಲ್ಟಿಲ್ಲದವನಿಗೆ ಅಂಥ ಗುರುತು ಎಲ್ಲಿಂದ ಬರುತ್ತದೆ ಎಂದು ಯಾರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಿಕೊಳ್ಳಲಿಲ್ಲ. ಮರುವಾರ ವಿಚಾರಣೆಗೆಂದು ಆ ಸ್ಥಳದ ನಕ್ಷೆ ಬರೆದುಕೊಟ್ಟವಳೂ ನಾನೇ. ಗೋಡೆ, ಹಗ್ಗ, ಹಲಗೆಯ ಮೇಲೆ ಒಬ್ಬ ಮನುಷ್ಯ, ಕೆಳಗೆ ವ್ಯಾನಿನ ಪಕ್ಕ ಇನ್ನೊಬ್ಬ. ಅಣ್ಣ ಹೇಳಿದ ಕಡೆ ಅಣ್ಣನನ್ನು ಕೂರಿಸಿದ್ದೆ. ಎಷ್ಟು ಚೊಕ್ಕವಾಗಿ ಬರೆದಿದ್ದೀರಿ ಎಂದು ವಿಚಾರಣೆಯ ಅಧಿಕಾರಿ ಹೊಗಳಿದ್ದರು, ನಾನು ಥ್ಯಾಂಕ್ಸ್ ಹೇಳಿದ್ದೆ.

"ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ, ಅತ್ತಿಗೆ ದಿನಾ ಆ ಹುಡುಗನಿಗೆ ಬೈಯೋದು ನಿನ್ನ ಕಿವಿಗೆ ಬೀಳ್ತಿರ್ಲಿಲ್ವಾ?"

"ಬೀಳ್ತಿತ್ತು."

"ಹೇಗೆ ಊಟ ಇಳೀತು ನಿಂಗೆ?"

"ಇಳೀತು," ಎಂದ. "ಅದೇ ಆಶ್ಚರ್ಯ."

ಅಪ್ಪನನ್ನು ಬ್ಯಾನರಿಗೆ ವಾಪಸ್ಸು ಹಾಕು ಎಂದು ಅವನು ಕೇಳಲಿಲ್ಲ, ಹಾಕುತ್ತೇನೆ ಎಂದು ನಾನೂ ಹೇಳಲಿಲ್ಲ. ಬ್ಯಾನರ್ ಹಾಳಾಗಿ ಹೋಗಲಿ. ಇವತ್ತೇ ಅತ್ತಿಗೆಗೆ ನೀನು ಹೇಳಬೇಕು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದೆ. ಅವಳು ನನ್ನ ಜೊತೆ ಇರಲ್ಲ ಪುಟ್ಟಿ ಎಂದ. ಇರದಿದ್ದರೆ ಬೇಡ ಎಂದೆ. ಕೋಣೆಗೆ ಬೀಗ ಹಾಕುವಾಗ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಎರಡು ಸಲವೂ ಅಣ್ಣನೇ ಬಗ್ಗಿ ಎತ್ತಿಕೊಟ್ಟ.

ನಾವು ಹೋದಾಗ ಅತ್ತಿಗೆ ಯಾವುದೋ ಅಂಗಡಿಯ ಬ್ಯಾನರಿಗೆ ಅಂಚು ಹೊಲಿಯುತ್ತಿದ್ದಳು. ಬಟ್ಟೆ ಕೋಣೆಯ ತುಂಬ ಹರಡಿಕೊಂಡು ಬಾಗಿಲ ತನಕ ಬಂದಿತ್ತು.

"ತುಳೀಬೇಡಿ, ಬಿಳೀದು. ಏನು ಅಣ್ಣ ತಂಗಿ ಜೊತೆಯಾಗಿ ಬಂದ್ರಿ? ಕಾಫಿ ಬೇಕಾದ್ರೆ ನೀವೇ ಮಾಡ್ಕೊಳ್ಳಿ, ಇದು ಆರು ಗಂಟೆಗೆ ಹೋಗ್ಬೇಕು."

ಅಣ್ಣ ಚಪ್ಪಲಿ ಬಿಟ್ಟು, ಗೋಡೆ ಸವರಿಕೊಂಡು ಹೋಗಿ, ವ್ಯಾನಿನಿಂದ ತಂದಿದ್ದ ಬೆಲ್ಟನ್ನು ಮೆಷಿನ್ನಿನ ಪಕ್ಕ ಇಟ್ಟ. ಮೆಷಿನ್ನು ನಿಂತಿತು. ಆ ಬೆಲ್ಟಿನ ಪಟ್ಟಿಗೆ ಎರಡು ವರ್ಷದ ಹಿಂದೆ ಜೋಡಿ ಹೊಲಿಗೆ ಹಾಕಿದವಳು ಅತ್ತಿಗೆಯೇ. ಹಳದಿ ದಾರ ಕಂಡ ಕೂಡಲೇ ಗುರುತು ಹಿಡಿದಳು. ಒಣಗಿ ಕಪ್ಪಾದ ಕಲೆಯೊಂದು ಬಕಲಿನ ಹತ್ತಿರ ಇತ್ತು, ಅದನ್ನೂ ಗುರುತು ಹಿಡಿದಳು.

ಅಣ್ಣ ಹೇಳಿದ. ನನ್ನ ಮುಂದೆ ಹೇಳಿದ್ದಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಅತ್ತಿಗೆ ಬೆಲ್ಟನ್ನು ತೊಡೆಯ ಮೇಲೆ ಎಳೆದುಕೊಂಡು ತನ್ನ ಹೊಲಿಗೆಯ ಉದ್ದಕ್ಕೂ ಬೆರಳು ಆಡಿಸಿದಳು. ಎಲ್ಲಿಯೂ ಬಿಟ್ಟಿರಲಿಲ್ಲ. ಆಮೇಲೆ ಕೊಕ್ಕೆಗೆ ಬಂದಳು. ಹೆಬ್ಬೆರಳಿನಿಂದ ಒತ್ತಿದಳು, ಬಿಟ್ಟಳು. ಕೊಕ್ಕೆಯ ನಾಲಗೆ ಮುಚ್ಚಿಕೊಳ್ಳಲಿಲ್ಲ. ಸುತ್ತಿದ್ದ ತಂತಿ ನೆಟ್ಟಗಾಗಿ ಹೊರಗೆ ಚಾಚಿತ್ತು.

"ಬೆಲ್ಟ್ ಹಾಕ್ಕೊಂಡಿದ್ನಾ?" ಎಂದು ಕೇಳಿದಳು, ಆಗಲೇ ಕೇಳಿಸಿಕೊಂಡದ್ದನ್ನು ಮತ್ತೆ.

"ಹಾಕ್ಕೊಂಡಿದ್ದ."

"ನಾನು ಹೇಳಿದ್ದಕ್ಕೆ?"

"ಹ್ಞೂಂ. ಅಮ್ಮ ಬೈತಾಳೆ ಅಂತ ವ್ಯಾನಲ್ಲೇ ಹಾಕ್ಕೊಂಡ."

ಎಂಟು ತಿಂಗಳಲ್ಲಿ ಮೊದಲ ಸಲ ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ, ದನಿಯೂ ಒಡೆಯಲಿಲ್ಲ. ಅವಳು ಗಂಡನನ್ನು ಹಿಡಿದು ಜಗ್ಗಾಡುತ್ತಾಳೆ, ನನ್ನನ್ನು ಮನೆಯಿಂದ ಆಚೆ ನೂಕುತ್ತಾಳೆ ಎಂದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಹಾಗೇನಾದರೂ ಮಾಡಿದ್ದರೆ ನಮಗೆ ಒಳ್ಳೆಯದಿತ್ತು. ಅವಳು ಗೋಡೆಯ ಫೋಟೋ ನೋಡಿದಳು, ಆಮೇಲೆ ಅಣ್ಣನ ಕಡೆ ತಿರುಗಿದಳು.

"ಮಾತು ಕೇಳದ ಮುಂಡೇದು ಅಂತ ದಿನಾ ಬೈದೆನಲ್ಲ ನಾನು," ಎಂದಳು. "ಹಾಕ್ಕೋ ಅಂದೆ, ಹಾಕ್ಕೊಂಡ. ನೀವು ಕೊರೆ ಅಂದ್ರಿ, ಕೊರೆದ. ಇಬ್ಬರ ಮಾತೂ ಕೇಳಿದ ನನ್ನ ಮಗ."