ಎಲ್ಲರ ಮನೆಯ ಫ್ಯಾನು

ನಾನು ಒಂದು ಟೇಬಲ್ ಫ್ಯಾನು. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ಸರಿಯಾಗಿ ನೆನಪಿಲ್ಲ. ಮೂರು ರೆಕ್ಕೆ ಜೋಡಿಸಿ, ನೀಲಿ ಬಣ್ಣ ಬಳಿದು, ಒಮ್ಮೆ ತಿರುಗಿಸಿ ನೋಡಿದ ಕೈಗಳು ಮಾತ್ರ ನೆನಪಿವೆ. ಕೆಲವು ವರ್ಷ ಸಿಂಧನೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಗಾಳಿ ಬೀಸಿದೆ. ಅಂಗಡಿಯವರು ಚಾವಣಿಗೆ ಹೊಸ ಫ್ಯಾನು ಹಾಕಿಸಿದಾಗ, ಸಂತೆಗೆ ಬಂದಿದ್ದ ಶಂಕ್ರವ್ವ ನನ್ನನ್ನು ಅಗ್ಗಕ್ಕೆ ಕೊಂಡು, ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಊರಿಗೆ ತಂದಳು.

ಅವಳ ಓಣಿಯಲ್ಲಿ ಫ್ಯಾನೆಂದರೆ ಆಗ ನಾನೊಬ್ಬನೇ. ಯಾರ ಮನೆಗೆ ಬೀಗರು ಬಂದರೂ ಅವರ ಮನೆಗೆ ಹೋಗುತ್ತಿದ್ದೆ. ಬಂದವರ ಕಣ್ಣಿಗೆ ಮನೆಯ ಕೊರತೆ ಬೀಳಬಾರದು ಎಂಬುದು ಅಲ್ಲಿನ ರೀತಿ. ನನಗೂ ಅದರಿಂದ ಸ್ವಲ್ಪ ಹೆಮ್ಮೆ ಇತ್ತೇನೋ.

ಒಂದು ಬೇಸಿಗೆಯಲ್ಲಿ ಜಯಶ್ರೀ ಎಂಬ ಹುಡುಗಿ ಸಮೀಕ್ಷೆಗೆ ಬಂದಳು. ಎಕರೆ, ಬೆಳೆ ಅವಳು ಕೇಳಲಿಲ್ಲ. ಹೊಲದಿಂದ ಬಂದ ಮೇಲೆ ಈ ಮನೆಗಳ ಬದುಕು ಹೇಗಿದೆ, ನೀರು, ನಿದ್ದೆ, ಕಾಯಿಲೆ, ಮುಪ್ಪು ಹೇಗೆ ಸಾಗುತ್ತವೆ ಎಂದು ಅಳೆಯುವುದು ಅವಳ ಕೆಲಸ. ಕಷ್ಟ ಹೆಚ್ಚಿರುವ ಊರಿಗೆ ಒಂದು ಸಂಸ್ಥೆ ಮನೆಮನೆಗೂ ಶೌಚಾಲಯ ಕಟ್ಟಿಸಿಕೊಡಲಿತ್ತು. ಶಂಕ್ರವ್ವನ ಪಕ್ಕದ ಮನೆಯ ದ್ಯಾವಮ್ಮನಿಗೆ ಅದು ಬೇಕೇ ಬೇಕಿತ್ತು. ಅವಳ ಅತ್ತೆ ಹುಲಿಗೆಮ್ಮನಿಗೆ ನೀರಿನ ಚರಗಿ ಹಿಡಿದು ಬಯಲುಕಡೆಗೆಂದು ಕಾಲುವೆ ದಂಡೆಗೆ ಹೋಗಲು ಮೊಣಕಾಲು ಬಿಡುತ್ತಿರಲಿಲ್ಲ. ಆದರೆ ಶೌಚಾಲಯ ಬರುತ್ತದಂತೆ ಎಂದಷ್ಟೇ ಓಣಿಗೆ ಗೊತ್ತು. ಕಷ್ಟ ನೋಡಿ ಕೊಡುತ್ತಾರೆಂದು ಗೊತ್ತಿರಲಿಲ್ಲ. ಕೊಡುವವರನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಹೆಂಗಸರು ಮಾತಾಡಿಕೊಂಡರು.

ಜಯಶ್ರೀ ಒಂದು ಮನೆಯ ಹೊಸ್ತಿಲು ದಾಟಿ ಹೊರಬರುತ್ತಿದ್ದಂತೆ ನನ್ನನ್ನು ಹಿತ್ತಲ ಗೋಡೆಯ ಮೇಲಿಂದ ಮುಂದಿನ ಮನೆಗೆ ಸಾಗಿಸುತ್ತಿದ್ದರು. ದ್ಯಾವಮ್ಮನ ಮನೆಯಲ್ಲಿ ಅವಳು ನನ್ನನ್ನೇ ದಿಟ್ಟಿಸಿದಳು.

“ಓಣ್ಯಾಗ ಎಲ್ಲಾರೂ ನೀಲಿ ಫ್ಯಾನೇ ತಗೊಂಡೀರೇನ್ರಿ?”

“ಹೌದ್ರಿ ಮೇಡಂ, ಸೇಲ್ ಹಚ್ಚಿದ್ರು,” ಎಂದಳು ದ್ಯಾವಮ್ಮ.

“ಮನ್ಯಾಗ ವಯಸ್ಸಾದವ್ರಿಗೆ ಏನರ ತ್ರಾಸ ಐತೇನ್ರಿ?”

“ಏನಿಲ್ರಿ. ದೇವ್ರು ಇಟ್ಟಂಗ ಆರಾಮ ಅದೀವಿ.”

ಹುಲಿಗೆಮ್ಮ ಬಾಯಿ ತೆರೆದಳು. “ಯವ್ವಾ, ನನ್ನ ಮೊಣಕಾಲು...”

“ನೀವು ಸುಮ್ಕ ಕುಂದರ್ರಿ ಅತ್ತಿ. ಬಂದೋರ ಮುಂದ ಮೊಣಕಾಲ ಪುರಾಣ ಬ್ಯಾಡ.”

ನಾನು ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತಲೇ ಇದ್ದೆ. ಫ್ಯಾನಿನ ತಲೆಯಾಟವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮಳೆಗಾಲದ ಹೊತ್ತಿಗೆ ಶೌಚಾಲಯಗಳು ಕಾಲುವೆಯಾಚೆಯ ಊರಿಗೆ ಬಂದವು. ನಮ್ಮೂರು ನೆಮ್ಮದಿಯಾಗಿದೆ ಎಂದು ತೀರ್ಮಾನವಾಗಿತ್ತು. ಸುದ್ದಿ ತಂದವಳು ಶಂಕ್ರವ್ವ.

“ಬಾಯಿಬಿಟ್ಟು ಹೇಳಬಾರದಿತ್ತೇನ ದ್ಯಾವಿ?”

“ಚಹಾ ಕುಡಿಯಾಕ ಬಂದಾಕಿ ಮುಂದ ಅತ್ತಿ ಚರಗಿ ಸುದ್ದಿ ಹೆಂಗ ತಗೀಲಕ್ಕಾ? ನೀನರ ಫ್ಯಾನ್ ನಂದು ಅಂತ ಅಂದ್ಯೇನು?”

ಮರುದಿನ ಶಂಕ್ರವ್ವ ನನ್ನನ್ನು ತಂದು ಹುಲಿಗೆಮ್ಮನ ಮಂಚದ ಬದಿಗಿಟ್ಟು, “ಇನ್ನ ಇದು ನಿಮ್ದ” ಎಂದು ಹೇಳಿ ಹೊರಟುಹೋದಳು. ಫ್ಯಾನು ತಮ್ಮದೆಂಬ ದ್ಯಾವಮ್ಮನ ಮಾತು ಹೀಗೆ ತಡವಾಗಿ ನಿಜವಾಯಿತು.

ಈಗ ನನಗೆ ಮುಪ್ಪು. ತಲೆ ಹೊರಳುವುದಿಲ್ಲ, ನೋಟವೆಲ್ಲ ಹುಲಿಗೆಮ್ಮನ ಕಡೆಗೇ. ಹೊತ್ತು ಇಳಿದ ಮೇಲೆ ಅವಳು ನೀರು ಮುಟ್ಟುವುದಿಲ್ಲ. ಕುಡಿದರೆ ಏಳಬೇಕು, ಏಳಬೇಕೆಂದರೆ ದುಡಿದು ಮಲಗಿದ ಸೊಸೆಯನ್ನು ಎಬ್ಬಿಸಬೇಕು. ನಾನಿರುವ ಮನೆಯಲ್ಲಿ ಸುಖವಿದೆ ಎಂದುಕೊಂಡವರನ್ನು ದೂರಲಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಗಾಳಿಯನ್ನಾದರೂ ಕೊಡೋಣವೆಂದು ಕೈಲಾದಷ್ಟು ತಿರುಗುತ್ತೇನೆ. ಸ್ವಲ್ಪ ಹೊತ್ತಿಗೆ ಅವಳು ಇನ್ನೂ ಮಲಗಿರದ ಸೊಸೆಯನ್ನು ಕರೆಯುತ್ತಾಳೆ.

“ದ್ಯಾವಿ, ಫ್ಯಾನ್ ಬಂದ್ ಮಾಡವ್ವ. ಗಾಳಿಗೆ ಬಾಯಿ ಒಣಗತೈತಿ.”